ಅಡಿಯಲ್ಲಿ ಮಲಗಿದವನು

ಅಡಿಯಲ್ಲಿ ಮಲಗುವವನಿಗೆ ಏನೂ ಕಾಣುವುದಿಲ್ಲ. ಲೂಜ್ ಆಟದಲ್ಲಿ ಇಬ್ಬರು ಒಂದೇ ಸ್ಲೆಡ್ಡಿನ ಮೇಲೆ, ಒಬ್ಬನ ಮೇಲೊಬ್ಬ ಮಲಗಿ, ಮಂಜುಗಡ್ಡೆಯ ಕಾಲುವೆಯಲ್ಲಿ ಜಾರುವ ಬಗೆಯೊಂದಿದೆ. ಮೇಲಿನವನು ದಾರಿ ನೋಡುತ್ತಾನೆ. ಅಡಿಯವನು ಮೇಲಿನವನ ಹೆಲ್ಮೆಟ್ಟಿನ ಹಿಂಭಾಗ ನೋಡುತ್ತಾನೆ. ತಿರುವು ಬಂತೆಂದು ಅವನಿಗೆ ತಿಳಿಯುವುದು ಮೇಲಿನವನ ಭುಜ ತನ್ನ ಎದೆಯನ್ನು ಒತ್ತಿದಾಗ. ಒತ್ತಿದ ಕೂಡಲೇ ಕಾಲಿನಿಂದ ಸ್ಲೆಡ್ಡನ್ನು ಆ ಕಡೆಗೆ ಬಗ್ಗಿಸಬೇಕು. ಯಾಕೆ, ಏನು ಎಂದು ಕೇಳಲು ಹೊತ್ತಿಲ್ಲ, ಕೇಳಿದರೂ ಗಾಳಿಯಲ್ಲಿ ಕೇಳಿಸುವುದಿಲ್ಲ. ನಾನು ಹಲವು ಚಳಿಗಾಲ ಹೀಗೆ ಅಡಿಯಲ್ಲಿ ಮಲಗಿದವನು. ಆಟ ಬಿಟ್ಟ ಮೇಲೂ ಅಲ್ಲೇ ಮಲಗಿದ್ದೆ ಎಂದು ತಿಳಿದದ್ದು ಮಾತ್ರ ಇತ್ತೀಚೆಗೆ, ಬಹ್ರೇನ್‌ನ ಜುಫೈರ್‌ನ ಒಂದು ಫ್ಲ್ಯಾಟಿನಲ್ಲಿ, ಶುಕ್ರವಾರದ ಊಟಕ್ಕೆ ಕೂತಿದ್ದಾಗ.

ಬಹ್ರೇನ್‌ನಲ್ಲಿ ಲೂಜ್ ಎಂದರೆ ಜನ ನಗುತ್ತಾರೆ. ನಗಲಿ. ಇಡೀ ದೇಶಕ್ಕೆ ಗುಡ್ಡ ಅಂತ ಇರುವುದು ಒಂದೇ, ಅದನ್ನೂ ಗುಡ್ಡ ಎನ್ನಲು ನಮ್ಮ ಕರಾವಳಿಯವರಿಗೆ ಸ್ವಲ್ಪ ಸಂಕೋಚವಾಗುತ್ತದೆ. ಮಂಜುಗಡ್ಡೆ ಕಾಣಬೇಕಾದರೆ ಮೀನಿನ ಮಾರುಕಟ್ಟೆಗೆ ಹೋಗಬೇಕು. ಅಂಥಲ್ಲಿ ನಾನು ಈ ಆಟಕ್ಕೆ ಬಿದ್ದದ್ದು ಅಪ್ಪನಿಂದಾಗಿ. ಅಪ್ಪ ಕೆಲಸ ಮಾಡುತ್ತಿದ್ದ ಕೋಲ್ಡ್ ಸ್ಟೋರೇಜ್ ಕಂಪನಿಯಲ್ಲಿ ಯುರೋಪಿನ ಒಬ್ಬ ಎಂಜಿನಿಯರ್ ಇದ್ದರು. ಹರೆಯದಲ್ಲಿ ಲೂಜ್ ಓಡಿಸಿದವರು. ಆ ಹುಚ್ಚು ಇಳಿಯದೆ ಸ್ಲೆಡ್ಡಿಗೆ ಚಕ್ರ ಹಾಕಿಸಿಕೊಂಡು, ಶುಕ್ರವಾರ ಬೆಳಿಗ್ಗೆ ಸನದ್‌ನ ಒಂದು ಫರ್ನಿಚರ್ ಗೋದಾಮಿನ ತಿರುವುಗಳಿದ್ದ ರ್ಯಾಂಪಿನಲ್ಲಿ ಮೇಲಿನಿಂದ ಕೆಳಗೆ ಜಾರುತ್ತಿದ್ದರು. ಗೋದಾಮು ಉಳ್ಳಾಲ ಕಡೆಯ ಒಬ್ಬ ಹಾಜಿಯವರದು. "ಜಾರಿ, ಎಂತ ಬೇಕಾದ್ರೂ ಮಾಡಿ. ಕೈಕಾಲು ಮುರಿದ್ರೆ ಮಾತ್ರ ನನ್ನ ಹತ್ರ ಬರ್ಬೇಡಿ" ಎಂದಷ್ಟೇ ಅವರ ಷರತ್ತು.

ಎಂಜಿನಿಯರರು ನಮ್ಮ ಕೋಚ್ ಆದರು. ನಮ್ಮ ಎಂದರೆ ನಾನು ಮತ್ತು ನನ್ನ ಗೆಳೆಯ. ಒಂದೇ ಶಾಲೆ, ಒಂದೇ ಬಸ್ಸು, ಹಮದ್ ಟೌನ್‌ನಲ್ಲಿ ಎದುರುಬದುರು ಮನೆ. ಅವನು ಎತ್ತರ, ನೋಡಲು ಚೆಂದ, ಮಾತಿನಲ್ಲಿ ಮುಂದೆ. ಅವನಿಗೆ ಮೇಲಿನ ಜಾಗ ಸಿಕ್ಕಿತು. ನಾನು ಗಿಡ್ಡ, ಗಟ್ಟಿಮುಟ್ಟು, ನನ್ನನ್ನು ಅಡಿಗೆ ಹಾಕಿದರು. ಯಾರೂ ಕೇಳಿ ಕೊಟ್ಟದ್ದಲ್ಲ, ಆದರೆ ನನಗೆ ಬೇಸರವಿರಲಿಲ್ಲ. ಕಣ್ಣು ಮುಚ್ಚಿಕೊಂಡು ಇನ್ನೊಬ್ಬನನ್ನು ನಂಬುವುದರಲ್ಲಿ ಒಂದು ಸುಖವಿದೆ. ಆ ಸುಖ ನನಗೆ ಬಹಳ ಹಿಡಿಸಿತ್ತು. ದಾರಿ ನನಗೆ ಗೊತ್ತಿರಲಿಲ್ಲ, ಅವನ ಭುಜ ಗೊತ್ತಿತ್ತು.

ಕೋಚ್ ತಮ್ಮ ಹಳೆಯ ಪರಿಚಯಗಳನ್ನೆಲ್ಲ ಹಿಡಿದು ನಮ್ಮನ್ನು ಯುರೋಪಿನ ಐಸಿಗೆ ಕರೆದೊಯ್ದರು. ಪಾಸ್‌ಪೋರ್ಟ್ ಭಾರತದ್ದು, ಹಾಗಾಗಿ ಜಾಕೆಟ್ಟಿನ ಮೇಲೆ ಭಾರತದ ಬಾವುಟ. ನಾವೇನೂ ಗೆದ್ದವರಲ್ಲ, ಫಲಿತಾಂಶದಲ್ಲಿ ನಮ್ಮನ್ನು ಹುಡುಕುವವರು ಕೆಳಗಿನಿಂದ ಓದಲು ಶುರುಮಾಡುತ್ತಿದ್ದರು. ಆದರೂ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಮೇಲೇರುತ್ತಿದ್ದೆವು. ಇನ್ನೊಂದು ರೇಸ್ ನೆಟ್ಟಗೆ ಮುಗಿಸಿದರೆ ದೊಡ್ಡ ಕೂಟಕ್ಕೆ ಅರ್ಹತೆ ಸಿಗುತ್ತದೆ ಎನ್ನುವವರೆಗೂ ಬಂದೆವು. ಗೆಲ್ಲಬೇಕೆಂದೇನೂ ಇರಲಿಲ್ಲ, ಮುಗಿಸಿದರೆ ಸಾಕಿತ್ತು.

ಇಲ್ಲಿ ಸ್ಲೆಡ್ಡಿನ ವಿಷಯ ಸ್ವಲ್ಪ ಹೇಳಬೇಕು. ಅದು ಐಸಿನ ಮೇಲೆ ನಿಲ್ಲುವುದು ಎರಡು ಉಕ್ಕಿನ ಪಟ್ಟಿಗಳ ಮೇಲೆ. ಉಕ್ಕು ಬೆಚ್ಚಗಿದ್ದರೆ ಐಸು ತುಸು ಕರಗುತ್ತದೆ, ಸ್ಲೆಡ್ ಹೆಚ್ಚು ವೇಗವಾಗಿ ಓಡುತ್ತದೆ. ಅದು ಮೋಸ. ಆದ್ದರಿಂದ ರೇಸಿಗೆ ಮುಂಚೆ ಪಟ್ಟಿಯ ಬಿಸಿ ಅಳೆಯುತ್ತಾರೆ. ಹೊರಗಿನ ಗಾಳಿಗೆ ನೇತುಹಾಕಿದ ಒಂದು ಉಕ್ಕಿನ ತುಂಡಿಗಿಂತ ನಮ್ಮದು ಜಾಸ್ತಿ ಬೆಚ್ಚಗಿದ್ದರೆ ಹೊರಗೆ ಹಾಕುತ್ತಾರೆ, ವಿಚಾರಣೆ ಗಿಚಾರಣೆ ಇಲ್ಲ. ಅದಕ್ಕೇ ಎಲ್ಲರೂ ಸ್ಲೆಡ್ಡನ್ನು ರಾತ್ರಿಯಿಡೀ ಹೊರಗೆ ಬಿಡುತ್ತಾರೆ. ಆ ಪಟ್ಟಿಗಳನ್ನು ತಿಕ್ಕಿ ಹೊಳೆಯಿಸುವುದು, ಒರೆಸುವುದು, ಹೊರಗೆ ಗೋಡೆಗೆ ಒರಗಿಸುವುದು ನಮ್ಮ ಜೋಡಿಯಲ್ಲಿ ನನ್ನ ಕೆಲಸ. ಅವನು ದಾರಿ ನೋಡುವವನು, ನಾನು ಉಕ್ಕು ನೋಡುವವನು.

ಆದರೆ ಗಲ್ಫಿನಲ್ಲಿ ಬೆಳೆದವರ ಕೈಗೆ ಬೇರೆಯೇ ಒಂದು ಅಭ್ಯಾಸವಿರುತ್ತದೆ. ಹೊರಗೆ ಬಿಟ್ಟದ್ದು ಹಾಳು, ಒಳಗೆ ತಂದದ್ದು ಉಳಿಯಿತು. ನೀರಿನ ಬಾಟಲಿ, ಚಪ್ಪಲಿ, ಮಕ್ಕಳ ಸೈಕಲ್, ಕಾರಿನಲ್ಲಿ ಮರೆತ ಔಷಧಿ, ಎಲ್ಲವನ್ನೂ ಒಳಗೆ, ಏಸಿಯ ತಂಪಿಗೆ ತರಬೇಕು. ನಮ್ಮ ಅಮ್ಮಂದಿರು ದಿನಕ್ಕೆ ಎಷ್ಟು ಸಲ ಕೂಗುತ್ತಿದ್ದರೋ. ಬೆಲೆಬಾಳುವ ಒಂದು ವಸ್ತು ರಾತ್ರಿಯಿಡೀ ಹೊರಗೆ ಬಿದ್ದಿದೆ ಎಂದರೆ ನಮಗೆ ನಿದ್ದೆ ಹತ್ತುವುದಿಲ್ಲ. ಮಂಜಿನ ದೇಶಕ್ಕೆ ಹೋದರೂ ಕೈ ಮಾತ್ರ ಬಹ್ರೇನ್‌ನದೇ.

ಆ ರೇಸಿನ ಹಿಂದಿನ ದಿನ ನನಗೆ ಜ್ವರ ಬಂದಿತ್ತು. ಸಂಜೆ ಪಟ್ಟಿ ಒರೆಸಿ, ಸ್ಲೆಡ್ಡನ್ನು ಹೊರಗಿಟ್ಟು, ಮಾತ್ರೆ ನುಂಗಿ ಮಲಗಿದವನಿಗೆ ಎಚ್ಚರವಾದದ್ದು ಬೆಳಿಗ್ಗೆ ಅವನು ಅಲುಗಾಡಿಸಿದಾಗ. "ಏಳು ಮಾರಾಯ. ನೀನು ಬಟ್ಟೆ ಹಾಕು ಸಾಕು. ಸ್ಲೆಡ್ ನಾನೇ ವ್ಯಾನಿಗೆ ಹಾಕಿದ್ದೇನೆ" ಎಂದ. ಎಂಥ ಗೆಳೆಯ ಎಂದುಕೊಂಡೆ. ಅಳತೆಯ ಜಾಗದಲ್ಲಿ ಅಧಿಕಾರಿ ಪಟ್ಟಿಗೆ ಯಂತ್ರ ತಾಗಿಸಿದರು, ಇನ್ನೊಮ್ಮೆ ತಾಗಿಸಿದರು, ತಲೆ ಅಲ್ಲಾಡಿಸಿದರು. ನಮ್ಮ ಉಕ್ಕು ಬೆಚ್ಚಗಿತ್ತು.

ಕೋಚಿನ ಮುಖ ಬಿಳುಚಿಕೊಂಡಿತು. ಯಾರು ಒಳಗೆ ತಂದದ್ದು ಎಂದು ಕೇಳಿದರು. ಉಕ್ಕು ನೋಡುವವನು ನಾನು, ಎಲ್ಲರ ಕಣ್ಣು ನನ್ನ ಮೇಲೆ. ನನಗೆ ತಂದ ನೆನಪಿರಲಿಲ್ಲ. ಅಷ್ಟರಲ್ಲಿ ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ, ಬೆಳಿಗ್ಗೆ ನೋಡುವಾಗ ಸ್ಲೆಡ್ ರೂಮಿನ ಒಳಗೆ ಹೀಟರ್ ಪಕ್ಕ ಇತ್ತು, ಇವನಿಗೆ ಜ್ವರ, ಗೊತ್ತಿಲ್ಲದೆ ತಂದಿರಬೇಕು, ಇವನನ್ನು ಬೈಯಬೇಡಿ ಎಂದು. ಕೋಚ್ ಬೈಯಲಿಲ್ಲ. "ಎದ್ದ ಕೂಡಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಅರ್ಧ ಗಂಟೆ ಮಂಜಿನಲ್ಲಿ ಹೂತಿಟ್ಟು ತಣಿಸಬಹುದಿತ್ತಲ್ಲ" ಎಂದಷ್ಟೇ ಹೇಳಿ ಅತ್ತ ತಿರುಗಿದರು. ಅವನ ಕೈ ಇನ್ನೂ ನನ್ನ ಹೆಗಲ ಮೇಲಿತ್ತು. ನಾನು ಅಳುತ್ತಿದ್ದೆ.

ಆ ವರ್ಷವೇ ಜೋಡಿಯನ್ನು ಕಳಿಸುವುದು ನಿಂತಿತು. ಒಬ್ಬರನ್ನು ಮಾತ್ರ ಇಟ್ಟುಕೊಳ್ಳುತ್ತೇವೆ ಎಂದು ತಂಡದವರು ಹೇಳಿದರು, ಆ ಒಬ್ಬ ಅವನಾದ. ಒಂಟಿ ಸ್ಲೆಡ್ಡಿನಲ್ಲಿ ಅವನು ಮುಂದೆಯೂ ಕೆಲವು ಚಳಿಗಾಲ ಓಡಿದ, ದೊಡ್ಡ ಕೂಟಕ್ಕೂ ಹೋದ, ಬಾವುಟದ ಹಿಂದೆ ನಡೆದ. ನನ್ನ ಬಗ್ಗೆ ತಂಡದ ಮ್ಯಾನೇಜರ್ ಹೇಳಿದ ಮಾತು ಕೋಚಿನ ಮೂಲಕ ನನ್ನ ಕಿವಿಗೆ ಬಿತ್ತು: ಈ ಹುಡುಗನನ್ನು ನಂಬಿ ಸ್ಲೆಡ್ ಕೊಡುವ ಹಾಗಿಲ್ಲ. ನಾನು ಬಹ್ರೇನ್‌ಗೆ ವಾಪಸು ಬಂದು ಏಸಿ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ವಿಮಾನ ನಿಲ್ದಾಣಕ್ಕೆ ನನ್ನನ್ನು ಬಿಡಲು ಬಂದ ಅವನು ಅಪ್ಪಿಕೊಂಡು, "ಹೋಗ್ಲಿ ಬಿಡು, ಖಲ್ಲಿವಲ್ಲಿ. ನನಗೆ ನಿನ್ನ ಮೇಲೆ ಒಂಚೂರೂ ಸಿಟ್ಟಿಲ್ಲ" ಎಂದಿದ್ದ.

ಅದನ್ನು ಈಗ ಬರೆಯುವಾಗಲೂ ಮೈ ಉರಿಯುತ್ತದೆ. ನನ್ನನ್ನು ಅವನು ಕ್ಷಮಿಸಿದ. ನಾನು ಆ ಕ್ಷಮೆಯನ್ನು ದೊಡ್ಡ ಉಪಕಾರವೆಂದು ತಲೆಯ ಮೇಲೆ ಹೊತ್ತುಕೊಂಡೆ.

ಮುಂದೆ ಅವನು ನನ್ನ ತಂಗಿಯನ್ನು ಮದುವೆಯಾಗುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೂಂ ಎಂದವನು ನಾನು. ಅಪ್ಪ ಇನ್ನೂ ಯೋಚಿಸುತ್ತಿದ್ದರು. "ಅವನ ಜೀವನದ ದೊಡ್ಡ ರೇಸ್ ನನ್ನಿಂದ ಹೋಯ್ತು ಅಪ್ಪ, ಒಂದು ದಿನವೂ ಎತ್ತಿ ಆಡ್ಲಿಲ್ಲ. ಅಂಥ ಗುಣ ಎಲ್ಲಿ ಸಿಗ್ತದೆ?" ಎಂದು ನಾನೇ ಒಪ್ಪಿಸಿದೆ. ಗೆಳೆಯ ಭಾವನಾದ. ನಮ್ಮ ಕಡೆ ಈ ಸಂಬಂಧದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ನಾನು ಮದುವೆಯಾಗಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಂಗಿಯ ಮನೆಯೇ ನನ್ನ ಮನೆಯೂ ಆಯಿತು.

ಕೋಚ್ ವಯಸ್ಸಾಗಿ ತಮ್ಮೂರಿಗೆ ಹೊರಡುವಾಗ ಚಕ್ರದ ಸ್ಲೆಡ್ಡುಗಳನ್ನು ನನಗೆ ಬಿಟ್ಟುಹೋದರು. ಹಾಜಿಯವರು ರ್ಯಾಂಪ್ ಬಿಟ್ಟುಕೊಟ್ಟರು. ಸುಮ್ಮನೆ ಶುರುವಾದದ್ದು ಹಾಗೆಯೇ ಬೆಳೆಯಿತು. ಶುಕ್ರವಾರ ಬೆಳಿಗ್ಗೆ ನಮ್ಮ ಕಡೆಯ ಮಕ್ಕಳು, ಮಲಯಾಳಿ ಮಕ್ಕಳು, ಒಂದಿಬ್ಬರು ಫಿಲಿಪ್ಪೀನೀ ಹುಡುಗರು ಬಂದು ಸೇರುತ್ತಾರೆ. ನಾನು ಅವರಿಗೆ ಬೀಳುವುದನ್ನು ಮೊದಲು ಕಲಿಸುತ್ತೇನೆ, ಜಾರುವುದು ಆಮೇಲೆ. ನನ್ನ ಬಾಯಿ ಕೆಟ್ಟದ್ದು ಎಂದು ತಾಯಂದಿರ ದೂರುಂಟು. ಆದರೂ ಕರೆತರುತ್ತಾರೆ. ಮಕ್ಕಳ ಪೈಕಿ ಯಾರಾದರೂ ಪಳಗಿದರೆ ಚಳಿಗಾಲದಲ್ಲಿ ಯುರೋಪಿನ ಮಕ್ಕಳ ಶಿಬಿರಕ್ಕೆ ಕಳಿಸುವ ವ್ಯವಸ್ಥೆಯಿದೆ, ಅದಕ್ಕೆ ಒಬ್ಬ ಕೋಚ್ ಜೊತೆಗೆ ಹೋಗಬಹುದು. ಆ ಒಬ್ಬ ಪ್ರತಿ ಸಲವೂ ಭಾವ.

ಹೋಗು ಎಂದು ಕಳಿಸಿದವನು ನಾನೇ. ವರ್ಷವಿಡೀ ಮಕ್ಕಳ ಮೊಣಕಾಲಿಗೆ ಮುಲಾಮು ಹಚ್ಚುವವನು ನಾನು, ಐಸಿನ ಬದಿಯಲ್ಲಿ ಕೋಚ್ ಎಂದು ಬರೆದ ಜಾಕೆಟ್ ಹಾಕಿ ನಿಲ್ಲುವವನು ಅವನು. ನೀವು ಯಾಕೆ ಬರುವುದಿಲ್ಲ ಎಂದು ಮಕ್ಕಳು ಕೇಳಿದರೆ ಚಳಿ ಆಗುವುದಿಲ್ಲ ಎನ್ನುತ್ತಿದ್ದೆ. ನಿಜ ಬೇರೆ. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿತ್ತು. ಗೊತ್ತಿಲ್ಲದೆ ಒಮ್ಮೆ ಸ್ಲೆಡ್ಡನ್ನು ಒಳಗೆ ತಂದವನು ಇನ್ನೊಮ್ಮೆ ತರುವುದಿಲ್ಲವೆಂದು ಏನು ಗ್ಯಾರಂಟಿ? ನನ್ನಿಂದ ಇನ್ನೊಂದು ಮಗುವಿನ ರೇಸ್ ಹೋಗಬಾರದು. ಮನೆಯ ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ಹಿಂತಿರುಗುವ ಮನುಷ್ಯನಾಗಿಬಿಟ್ಟಿದ್ದೆ. ಕಾರಿಗೆ ಬೀಗ ಹಾಕಿದ ಮೇಲೆ ಮತ್ತೆ ಮತ್ತೆ ಹೋಗಿ ಎಳೆದು ನೋಡುತ್ತಿದ್ದೆ.

ಈ ಸಲದ ಶಿಬಿರಕ್ಕೆ ಆಯ್ಕೆಯಾದದ್ದು ಒಂದು ಜೋಡಿ: ಮೇಲೆ ನನ್ನ ತಂಗಿಯ ಮಗಳು, ಅಡಿಯಲ್ಲಿ ಹಾಜಿಯವರ ಮೊಮ್ಮಗಳು. ಇಬ್ಬರೂ ಒಂದೇ ತರಗತಿ, ಕನ್ನಡಕ್ಕಿಂತ ಇಂಗ್ಲಿಷೇ ಜಾಸ್ತಿ. ಹೊರಡುವುದಕ್ಕೆ ಇನ್ನೂ ಕೆಲವು ವಾರಗಳಿರುವಾಗ, ಒಂದು ಶುಕ್ರವಾರ ಜುಫೈರ್‌ನಲ್ಲಿ ತಂಗಿಯ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ತಂಗಿ ಸಾಫಿ ಮೀನನ್ನು ಊರಿನ ಮಸಾಲೆ ಹಚ್ಚಿ ಕಾಯಿಸಿದ್ದಳು. ಭಾವ ಮುಳ್ಳು ಬಿಡಿಸುತ್ತಿದ್ದ. ನಾನು ಸೊಸೆಗೆ ಪಾಠ ಹೇಳುತ್ತಿದ್ದೆ.

"ಅಲ್ಲಿ ಎಂತ ಮರೆತ್ರೂ ಇದನ್ನು ಮರಿಬಾರ್ದು. ಸ್ಲೆಡ್ ಹೊರಗೇ ಇರ್ಬೇಕು. ನಾನು ಒಮ್ಮೆ ಒಳಗೆ ತಂದು ಎಂತ ಆಯ್ತು ಗೊತ್ತುಂಟಲ್ಲ?"

ಅವಳು ಬಾಯಲ್ಲಿದ್ದ ಅನ್ನ ನುಂಗಿ ನನ್ನನ್ನೇ ನೋಡಿದಳು. "ನೀವಲ್ಲ ಮಾಮ. ಪಪ್ಪ ಅಲ್ವಾ ತಂದದ್ದು?"

ನಾನು ನಕ್ಕೆ. ಮಗುವಿಗೆ ತಪ್ಪು ತಿಳಿದಿದೆ ಎಂದುಕೊಂಡೆ. ಅವಳು ಬಿಡಲಿಲ್ಲ. "ನೋ ಮಾಮ, ಪಪ್ಪನೇ ಹೇಳಿದ್ರು. ಸ್ನೋ ಬೀಳ್ತಿತ್ತಂತೆ, ಸ್ಲೆಡ್ ಪಾಪ ಕಂಡಿತಂತೆ, ತಂದು ಹೀಟರ್ ಹತ್ರ ಇಟ್ರಂತೆ. ಸೋ ಫನ್ನಿ. ಮಮ್ಮಾ, ಹೇಳಿದ್ರಲ್ವಾ?"

ತಂಗಿಯ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯ ಮೇಲೆಯೇ ನಿಂತಿತು. ನಾನು ಭಾವನ ಮುಖ ನೋಡಿದೆ. ಅವನು ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸಿ, ತಲೆಯೆತ್ತದೆ ಹೇಳಿದ: "ನಿನಗೆ ಗೊತ್ತುಂಟು ಅಂತ ಎಣಿಸಿದ್ದೆ ಭಾವ."

"ನನಗೆ ಹೇಗೆ ಗೊತ್ತಾಗ್ತದೆ?"

"ಅಲ್ಲ, ಇಷ್ಟು ವರ್ಷ ಆಯ್ತಲ್ಲ. ಬೆಳಿಗ್ಗೆ ಹೇಳುವ ಅಂತಲೇ ಇದ್ದೆ. ನೀನು ನಿದ್ದೆಯಲ್ಲಿದ್ದೆ. ಆಮೇಲೆ ಅಲ್ಲಿ ಅಷ್ಟು ಜನರ ಮುಂದೆ... ಸಣ್ಣ ಪ್ರಾಯ ಮಾರಾಯ, ಹೆದರಿಕೆ ಆಯ್ತು. ಹಳೇದನ್ನೆಲ್ಲ ಈಗ ಎಂತಕ್ಕೆ? ಖಲ್ಲಿವಲ್ಲಿ. ಊಟ ಮಾಡು."

ಒಳಗೆ ತಂದದ್ದಕ್ಕೆ ನನಗೆ ಸಿಟ್ಟಿಲ್ಲ. ಆ ಕೈ ನನಗೆ ಗೊತ್ತು, ನನ್ನದೂ ಅಂಥದೇ ಕೈ. ಹೀಟರ್ ಪಕ್ಕ ಸ್ಲೆಡ್ ನಿಲ್ಲಿಸಿ, ಅದು ಬೆಚ್ಚಗೆ ಸುರಕ್ಷಿತವಾಗಿದೆ ಎಂದು ಸಮಾಧಾನದಿಂದ ಮಲಗಿರುತ್ತಾನೆ, ಪಾಪ. ಆದರೆ ಬೆಳಿಗ್ಗೆ ಎದ್ದು ತನ್ನ ಮಂಗಬುದ್ಧಿ ತಿಳಿದ ಮೇಲೆ? ವ್ಯಾನಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದನಲ್ಲ, ಆಗ? ಹೆಗಲ ಮೇಲೆ ಕೈಯಿಟ್ಟು ನನ್ನ ಜ್ವರವನ್ನು ಎಲ್ಲರಿಗೂ ತೋರಿಸಿದನಲ್ಲ, ಆಗ? ವಿಮಾನ ನಿಲ್ದಾಣದಲ್ಲಿ? ಮದುವೆಯ ಚಪ್ಪರದಲ್ಲಿ? ಅವನು ತನ್ನ ತಪ್ಪನ್ನು ಮಗಳಿಗೆ ನಗೆಯ ಕತೆಯಾಗಿ ಹೇಳಿದ. ನನಗೆ ಹೇಳಲಿಲ್ಲ.

ಕೈತೊಳೆಯಲು ಎದ್ದವನು ಅಡುಗೆಮನೆಯಲ್ಲಿ ನಿಂತೆ. ತಂಗಿ ಹಿಂದೆಯೇ ಬಂದಳು.

"ನಿನಗೆ ಯಾವಾಗಿಂದ ಗೊತ್ತು?" ಎಂದೆ.

"ಮದುವೆಯಾದ ಹೊಸತರಲ್ಲೇ ಹೇಳಿದ್ರು."

"ಮತ್ತೆ ನೀನು ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಈ ಮನೆಗೆ ಬರ್ತಿರ್ಲಿಲ್ಲ ಅಣ್ಣ. ನನಗೆ ಇಲ್ಲಿ ಬೇರೆ ಯಾರಿದ್ದಾರೆ?" ಅವಳು ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಬೆನ್ನು ನನ್ನ ಕಡೆಗಿತ್ತು.

ಭಾವ ಮಾಡಿದ್ದು ಚಾಕುವಿನ ಹಾಗೆ ಒಮ್ಮೆ ತಾಗಿತು. ತಂಗಿಯದು ಇಂದಿಗೂ ನೋಯುತ್ತಿದೆ. ಪ್ರತಿ ಶುಕ್ರವಾರ ನನಗೆ ಬಡಿಸಿದವಳು ಅವಳು. ಗ್ಯಾಸ್ ನೋಡಲು ಹಿಂತಿರುಗುತ್ತೇನೆ ಎಂದಾಗ, "ನಿನ್ನದೊಂದು ತಲೆಬಿಸಿ ಅಣ್ಣ" ಎಂದು ನಕ್ಕವಳು ಅವಳು. ಆ ತಲೆಬಿಸಿ ಎಲ್ಲಿಂದ ಬಂತೆಂದು ಗೊತ್ತಿದ್ದೂ ನಕ್ಕಳು. ನನ್ನನ್ನು ಕಳೆದುಕೊಳ್ಳಬಾರದೆಂದು ನನಗೆ ಮೋಸ ಮಾಡಿದಳು ಎಂಬುದು ನನಗೆ ಅರ್ಥವಾಗುತ್ತದೆ. ಅರ್ಥವಾದರೆ ಉರಿ ಕಮ್ಮಿಯಾಗುತ್ತದೆ ಎಂದು ಯಾರು ಹೇಳಿದರೋ, ಅವರಿಗೆ ಹೊಟ್ಟೆಯೇ ಇಲ್ಲದಿರಬೇಕು.

ಮುಂದಿನ ಶುಕ್ರವಾರ ಭಾವ ಏನೂ ಆಗದವನಂತೆ ಸನದ್‌ಗೆ ಬಂದ. ಮಕ್ಕಳಿಗೆ ಜೋಡಿ ಜಾರುವುದನ್ನು ನಾವಿಬ್ಬರೂ ಆಗಾಗ ಮಾಡಿ ತೋರಿಸುವುದುಂಟು. ನಾನು ಮಾತಿಲ್ಲದೆ ಚಕ್ರದ ಸ್ಲೆಡ್ಡಿನ ಮೇಲೆ ಮಲಗಿದೆ, ಅವನು ನನ್ನ ಮೇಲೆ ಮಲಗಿದ. ವಯಸ್ಸಿನ ಜೊತೆ ಹೊಟ್ಟೆ ಬಂದಿದೆ, ಭುಜ ಮಾತ್ರ ಅದೇ. ಮಕ್ಕಳು ತಳ್ಳಿದರು. ಮೊದಲ ತಿರುವಿನಲ್ಲಿ ಅವನ ಎಡಭುಜ ನನ್ನ ಎದೆಯನ್ನು ಒತ್ತಿತು. ನನ್ನ ಕಾಲು ಅಲ್ಲಾಡಲಿಲ್ಲ. ನಾನು ಹಟ ಹಿಡಿದದ್ದಲ್ಲ, ಕಾಲಿಗೇ ಅವನ ಮೇಲೆ ನಂಬಿಕೆ ಬರಲಿಲ್ಲ. ಸ್ಲೆಡ್ ಹೋಗಿ ಗೋಡೆಗೆ ಕಟ್ಟಿದ್ದ ಹಳೆಯ ಟಯರಿಗೆ ಮೆತ್ತಗೆ ಬಡಿಯಿತು. ಮಕ್ಕಳು ನಕ್ಕರು.

ಎದ್ದು ಬಟ್ಟೆ ಕೊಡವುತ್ತಾ ಹೇಳಿದೆ: "ಈ ಸಲ ಮಕ್ಕಳ ಜೊತೆ ನಾನು ಹೋಗ್ತೇನೆ."

"ನಿನಗೆ ಆಗ್ತದಾ ಭಾವ?" ಎಂದ. ಕೆಣಕಿದ್ದಲ್ಲ, ನಿಜವಾಗಿಯೇ ಕಾಳಜಿಯಿಂದ ಕೇಳಿದ. ಅದೇ ನನಗೆ ತಡೆಯಲಾಗದ್ದು. ನನ್ನ ಕೈಯನ್ನು ನನ್ನಿಂದ ಕಸಿದುಕೊಂಡವನೇ ಅದರ ಬಗ್ಗೆ ಕಾಳಜಿ ಮಾಡುತ್ತಿದ್ದ. ಜಾಕೆಟ್ ಕಳಿಸಿಕೊಡು ಎಂದಷ್ಟೇ ಹೇಳಿ ಮಕ್ಕಳ ಕಡೆ ತಿರುಗಿದೆ.

ಹಿಂದೆ ನಾವು ಜಾರುತ್ತಿದ್ದ ಯುರೋಪಿನ ಆ ಹಳ್ಳಿಗೆ ಅಷ್ಟು ವರ್ಷಗಳ ಮೇಲೆ ಹೋದಾಗ ಮೊದಲು ಗುರುತು ಸಿಕ್ಕಿದ್ದು ವಾಸನೆ, ಒದ್ದೆ ಮರ ಮತ್ತು ಡೀಸೆಲ್ ಬೆರೆತದ್ದು. ನಮ್ಮ ಸ್ಲೆಡ್ಡನ್ನು ವಸತಿಗೃಹದ ಹೊರಗೋಡೆಗೆ ಒರಗಿಸಿದೆವು. ಪಟ್ಟಿ ಒರೆಸುವುದು ಅಡಿಯವಳ ಕೆಲಸ, ಹಾಜಿಯವರ ಮೊಮ್ಮಗಳದ್ದು. ನಾನು ಕಲಿಸಿದ ಹಾಗೆಯೇ ಒರೆಸಿದಳು. ಶಿಬಿರದಲ್ಲೂ ಜಾರುವ ಮೊದಲು ಪಟ್ಟಿಯ ಬಿಸಿ ಅಳೆಯುವುದುಂಟು. ಮೊದಲ ಜಾರುವಿಕೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಬಳಿ ಬೇರೆಯವರ ಸ್ಲೆಡ್ಡುಗಳಿದ್ದವು, ನಮ್ಮದಿರಲಿಲ್ಲ. ನಾನೇ ತಂದೆನೇ ಎಂದು ವಾಪಸು ಓಡಿ ನನ್ನ ಕೋಣೆಯ ಹಾಸಿಗೆಯ ಅಡಿಯನ್ನೂ ನೋಡಿದೆ. ಆಮೇಲೆ ಹುಡುಗಿಯರ ಬಾಗಿಲು ತಟ್ಟಿದೆ.

ಸ್ಲೆಡ್ ಹೀಟರ್ ಪಕ್ಕದಲ್ಲಿತ್ತು. ಅದರ ಮೇಲೊಂದು ಕಂಬಳಿ ಬೇರೆ. ಹಾಜಿಯವರ ಮೊಮ್ಮಗಳು ಆಗಷ್ಟೇ ಕಣ್ಣು ಬಿಟ್ಟಿದ್ದಳು. ಅದನ್ನು ಕಂಡು ಅವಳ ಮುಖದಲ್ಲಿ ರಕ್ತವಿರಲಿಲ್ಲ. ಉಕ್ಕು ನೋಡುವವಳು ಅವಳು. ಆ ಮುಖ ನನಗೆ ಗೊತ್ತಿತ್ತು, ಅದು ನನ್ನದೇ ಮುಖ.

"ಯಾರು ತಂದದ್ದು?" ಎಂದೆ.

"ನಾನು ಮಾಮ" ಎಂದಳು ನನ್ನ ಸೊಸೆ. "ಅವಳಿಗೆ ಗೊತ್ತೇ ಇಲ್ಲ, ಮಲಗಿದ್ದಳು. ಪಪ್ಪನ ಸ್ಟೋರಿ ನೆನಪಿತ್ತು, ಆದ್ರೂ ಸ್ನೋದಲ್ಲಿ ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಬೆಳಿಗ್ಗೆ ಬೇಗ ಹೊರಗಿಡುವ ಅಂತ ಇದ್ದೆ, ನಿದ್ದೆ ಬಂತು. ಸಾರಿ."

ಅಷ್ಟೇ. ಮೂವರೂ ಸೇರಿ ಸ್ಲೆಡ್ಡನ್ನು ಹೊರಗೆ ತಂದು, ಪಟ್ಟಿಗಳನ್ನು ಮಂಜಿನಲ್ಲಿ ಹೂತು ಕಾದೆವು. ಸೊಸೆಗೆ ಬೇಕಾದಷ್ಟು ಬೈದೆ, ಅವಳು ಬೈಸಿಕೊಂಡಳು, ಅಡಿಯವಳು ಮೆಲ್ಲಗೆ ನಗತೊಡಗಿದಳು. ಅರ್ಧ ಗಂಟೆ ಕಳೆದು ಅಳತೆಗೆ ಕೊಂಡುಹೋದಾಗ ಅಧಿಕಾರಿ ಯಂತ್ರ ತಾಗಿಸಿ, ಸರಿಯಿದೆ, ಹೋಗಿ ಎಂದರು. ಹುಡುಗಿಯರು ಮಲಗಿದರು, ಜಾರಿದರು, ತಿರುವಿನಲ್ಲಿ ಮರೆಯಾದರು.

ನಾನು ಶೆಡ್ಡಿನ ಹಿಂದೆ ಹೋಗಿ ಅತ್ತೆ. ಖುಷಿಗೆ ಎಂದು ಯಾರಾದರೂ ತಿಳಿದರೆ ಅದು ತಪ್ಪು, ಸಿಟ್ಟಿಗೆ ಅತ್ತೆ. ಇಷ್ಟು ಸುಲಭವಿತ್ತು ಅದು. ಅರ್ಧ ಗಂಟೆ, ಒಂದು ಹಿಡಿ ಮಂಜು, ಒಂದು ಮಾತು. ಅದಕ್ಕೆ ಬದಲಾಗಿ ಅವನು ನನ್ನ ಇಡೀ ಬದುಕನ್ನು ತೆಗೆದುಕೊಂಡಿದ್ದ.

ಮಧ್ಯಾಹ್ನ ಭಾವನ ಫೋನ್ ಬಂತು. "ಹೇಗುಂಟು ಭಾವ? ಮಕ್ಕಳು ಜಾರಿದ್ರಾ?"

"ಜಾರಿದ್ರು. ರಾತ್ರಿ ನಿನ್ನ ಮಗಳು ಸ್ಲೆಡ್ಡನ್ನು ಒಳಗೆ ತಂದು ಹೀಟರ್ ಹತ್ರ ಇಟ್ಟಿದ್ದಳು."

"ಅಯ್ಯೋ. ಮತ್ತೆ ಎಂತ ಮಾಡಿದಳು?"

"ಹೇಳಿದಳು" ಎಂದೆ.

ಫೋನ್ ಇಟ್ಟು, ಹುಡುಗಿಯರ ಸ್ಲೆಡ್ಡನ್ನು ಹೊರಗೋಡೆಗೆ ಒರಗಿಸಲು ಹೋದೆ.